ಪೆನ್ಸಿಲ್ಲಿಗೆ ಬಾಗುವುದು ಸುಲಭ

ಪ್ಲೈವುಡ್ ಅಂಗಡಿಗೆ ಹೋಗಿ ‘ಎಂಟು ನಾಲ್ಕು’ ಅಂದರೆ ಸಾಕು, ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆ ತಂದು ನಿಲ್ಲಿಸುತ್ತಾರೆ. ಇಲ್ಲೂ ಅದೇ ಅಳತೆ, ಅಮೆರಿಕದಲ್ಲೂ ಅದೇ ಅಳತೆ. ಮಾದರಿ ರೈಲಿನ ಗೀಳು ಹತ್ತಿದವರ ಮೊದಲ ಕನಸು ಬಹುಮಟ್ಟಿಗೆ ಈ ಹಲಗೆಯ ಮೇಲೆಯೇ ಮೊಳೆಯುತ್ತದೆ. ನನ್ನದೂ ಹಾಗೆಯೇ.

ಹಲಗೆಗೆ ಮೊದಲು ನಕ್ಷೆ. ಮಗಳ ಜಾಮಿಟ್ರಿ ಬಾಕ್ಸು, ಒಂದು ಗ್ರಾಫ್ ಹಾಳೆ, ಒಂದು ಭಾನುವಾರ. ಹಲಗೆ 122 ಸೆಂ.ಮೀ. ಅಗಲ, 244 ಸೆಂ.ಮೀ. ಉದ್ದ. ಹಾಳೆಯ ಮೇಲಿನ ಒಂದು ಸೆಂ.ಮೀ. ಅಂದರೆ ಹಲಗೆಯ ಮೇಲೆ ಹತ್ತು ಸೆಂ.ಮೀ. ಎಂದು ಇಟ್ಟುಕೊಂಡರೆ ಇಡೀ ಹಲಗೆ ಒಂದು ಹಾಳೆಯೊಳಗೆ ಕೂರುತ್ತದೆ. ಸಂಜೆಯ ಹೊತ್ತಿಗೆ ಅದರಲ್ಲಿ ಜೋಡಿ ಹಳಿಯ ಸುತ್ತು, ಐದು ಲೈನಿನ ಯಾರ್ಡು, ಎಂಜಿನ್ ತಿರುಗಿಸಲು ಒಂದು ತ್ರಿಕೋನ, ಮೂಲೆಯಲ್ಲಿ ಘಾಟಿ, ಘಾಟಿಗೆ ಎರಡು ಸುರಂಗ ಎಲ್ಲ ಬಂದವು. ಮಗಳು ಬಂದು ನೋಡಿ, “ಅಪ್ಪ, ಇದರಲ್ಲಿ ರೈಲು ಎಲ್ಲಿ ನಿಲ್ಲುತ್ತೆ?” ಎಂದಳು. ಮಕ್ಕಳಿಗೆ ಏನು ಗೊತ್ತು ಎಂದುಕೊಂಡು ಸುಮ್ಮನಾದೆ.

ಮರುವಾರ ಅಸಲಿ ಅಳತೆಯಲ್ಲಿ ಕಾಗದದ ಹಳಿಗಳನ್ನು ಕತ್ತರಿಸಿ ನೆಲದ ಮೇಲೆ ಜೋಡಿಸಲು ಕೂತಾಗ ಯಾರ್ಡು ಹಲಗೆಯ ಅಂಚು ದಾಟಿ ಸೋಫಾದ ಕೆಳಗೆ ಹೋಯಿತು. ತ್ರಿಕೋನ ಮುಚ್ಚಲೇ ಇಲ್ಲ. ಗ್ರಾಫ್ ಹಾಳೆಯಲ್ಲಿ ಅಳತೆ ತಪ್ಪಿರಲಿಲ್ಲ. ಸುಳ್ಳು ಹೇಳಿದ್ದು ಪೆನ್ಸಿಲ್ಲು. ಅದಕ್ಕೆ ತೂಕವಿಲ್ಲ, ಉದ್ದವಿಲ್ಲ, ಗಾಲಿಗಳಿಲ್ಲ. ಹೇಗೆ ಬೇಕಾದರೂ ಬಾಗುತ್ತದೆ. ರೈಲು ಹಾಗೆ ಬಾಗುವುದಿಲ್ಲ. ಕೈಯಲ್ಲಿ ಹಳಿನಕ್ಷೆ ಬರೆಯುವ ವಿದ್ಯೆಯೆಂದರೆ ಪೆನ್ಸಿಲ್ಲಿಗೆ ರೈಲಿನ ಕಷ್ಟಗಳನ್ನು ಕಲಿಸುವ ವಿದ್ಯೆ.

ಮೊದಲು ಅಳತೆಯ ಮಾತು. ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಮಾದರಿಯ ಹೆಸರು ಎಚ್‌ಒ. ‘ಓ’ ಎಂಬ ಹಳೆಯ ದೊಡ್ಡ ಅಳತೆಯ ಅರ್ಧ, ಅಂದರೆ ಹಾಫ್ ಓ. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 3.5 ಮಿ.ಮೀ. ಅಡಿಯನ್ನೂ ಮಿಲಿಮೀಟರನ್ನೂ ಹೀಗೆ ಒಂದೇ ನೊಗಕ್ಕೆ ಕಟ್ಟಿದ್ದರಿಂದಲೇ 1:87.1 ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು: 304.8 ಅನ್ನು 3.5ರಿಂದ ಭಾಗಿಸಿ ನೋಡಿ. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಯುರೋಪು, ಅಮೆರಿಕಗಳ 1435 ಮಿ.ಮೀ. ಹಳಿಗೆ ಇದು ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದಕ್ಕೆ 19.2 ಮಿ.ಮೀ. ಬೇಕು. ಎಚ್‌ಒ ಹಳಿಯ ಮೇಲೆ ಭಾರತದ ರೈಲು ಓಡಿಸುವವರೆಲ್ಲ ಈ ಮೂರು ಮಿಲಿಮೀಟರನ್ನು ಕಂಡೂ ಕಾಣದಂತೆ ಇರುತ್ತಾರೆ. ನಾನೂ ಇದ್ದೇನೆ.

ಅದಕ್ಕಿಂತ ದೊಡ್ಡ ಮೋಸ ತಿರುವಿನಲ್ಲಿದೆ. ನಮ್ಮ ಬ್ರಾಡ್‌ಗೇಜ್ ದಾರಿಯಲ್ಲಿ ತೀರಾ ಬಿಗಿಯಾದ ತಿರುವೆಂದರೆ ಹತ್ತು ಡಿಗ್ರಿಯದು, ತ್ರಿಜ್ಯ 175 ಮೀಟರ್. ಅದನ್ನು 87ರಿಂದ ಭಾಗಿಸಿದರೆ ಎರಡು ಮೀಟರ್. ರೈಲು ಒಮ್ಮೆ ಹಿಂದಕ್ಕೆ ತಿರುಗಿ ಬರಬೇಕಾದರೆ ನಾಲ್ಕು ಮೀಟರ್ ಅಗಲದ ಜಾಗ. ಬಾಡಿಗೆ ಮನೆಯ ಹಾಲ್ ಪೂರ್ತಿ ಹೋಯಿತು. ಹಲಗೆಯ ಮೇಲೆ ನಾವು ಇಡುವ ತಿರುವಿನ ತ್ರಿಜ್ಯ 45 ಸೆಂ.ಮೀ. ಅದನ್ನು ನಿಜದ ಅಳತೆಗೆ ಹಿಗ್ಗಿಸಿದರೆ 39 ಮೀಟರ್. ಯಾವ ಬ್ರಾಡ್‌ಗೇಜ್ ಎಂಜಿನಿಯರನೂ ಸಹಿ ಹಾಕದ ತಿರುವು ಅದು. ಮಾದರಿ ರೈಲಿನ ನಕ್ಷೆಯೆಂದರೆ ನಿಜವಾದ ರೈಲುದಾರಿಯ ಪುಟ್ಟ ರೂಪವಲ್ಲ, ಮಡಚಿ ಗಂಟು ಕಟ್ಟಿದ ರೂಪ. ಗಂಟು ಎಷ್ಟು ಬಿಗಿಯಬಹುದು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಸೊಗಸಾದ ಉತ್ತರ ಕೊಟ್ಟವರು ಅಮೆರಿಕದ ಜಾನ್ ಆರ್ಮ್‌ಸ್ಟ್ರಾಂಗ್ (1920-2004). ವೃತ್ತಿಯಿಂದ ಮೆಕಾನಿಕಲ್ ಎಂಜಿನಿಯರ್; ಮನೆಯಲ್ಲಿ ತಮ್ಮದೇ ಕಾಲ್ಪನಿಕ ರೈಲ್ವೆ ಕಂಪನಿಯ ಯಜಮಾನ. ಹಳಿನಕ್ಷೆ ಹಾಕುವ ಬಗ್ಗೆ ಅವರು 1963ರಲ್ಲಿ ತಂದ ಪುಸ್ತಕವನ್ನು ಈ ಹವ್ಯಾಸದವರು ಇಂದಿಗೂ ಕೈಬಿಟ್ಟಿಲ್ಲ. ಅವರ ಉಪಾಯ ಇಷ್ಟೇ: ನಕ್ಷೆಯನ್ನು ಅಡಿ, ಇಂಚಿನ ಚೌಕಗಳಲ್ಲಿ ಬರೆಯಬೇಡಿ. ನಿಮ್ಮ ತಿರುವಿನ ಕನಿಷ್ಠ ತ್ರಿಜ್ಯಕ್ಕೆ ಅಕ್ಕಪಕ್ಕದ ಹಳಿಗಳ ನಡುವಿನ ಅಂತರದ ಎರಡರಷ್ಟನ್ನು ಕೂಡಿಸಿ, ಬಂದ ಉದ್ದವೇ ನಿಮ್ಮ ಚೌಕದ ಬದಿ. ಕೋಣೆಯನ್ನೋ ಹಲಗೆಯನ್ನೋ ಆ ಚೌಕಗಳಿಂದ ಅಳೆಯಿರಿ.

ಯಾಕೆ ಎರಡರಷ್ಟು? ಜೋಡಿ ಹಳಿ ಅರ್ಧಚಂದ್ರಾಕಾರವಾಗಿ ತಿರುಗುವುದನ್ನು ನೆನೆಸಿಕೊಳ್ಳಿ. ಒಳಹಳಿಗೆ ಕನಿಷ್ಠ ತ್ರಿಜ್ಯ, ಹೊರಹಳಿಗೆ ಅದಕ್ಕಿಂತ ಒಂದು ಅಂತರ ಹೆಚ್ಚು. ಹೊರಹಳಿಯಿಂದ ಹಲಗೆಯ ಅಂಚಿಗೆ ಇನ್ನೊಂದು ಅಂತರ ಬಿಟ್ಟರೆ ರೈಲು ಕೆಳಗೆ ಬೀಳದೆ ಉಳಿಯುತ್ತದೆ. ಹಾಗಾಗಿ ಪೂರ್ತಿ ಹಿಂದಿರುಗಲು ಎರಡು ಚೌಕ ಅಗಲ, ಬರೀ ಮೂಲೆ ತಿರುಗಲು ಒಂದು ಚೌಕ. ತ್ರಿಜ್ಯ 45 ಸೆಂ.ಮೀ., ಅಂತರ 5 ಸೆಂ.ಮೀ. ಎಂದರೆ ಚೌಕ 55 ಸೆಂ.ಮೀ. ನನ್ನ ಹಲಗೆಯಲ್ಲಿ ಇಂಥವು ಅಡ್ಡಕ್ಕೆ ಎರಡು ಚಿಲ್ಲರೆ, ಉದ್ದಕ್ಕೆ ನಾಲ್ಕು ಚಿಲ್ಲರೆ. ಅಷ್ಟೇ ನನ್ನ ಸಾಮ್ರಾಜ್ಯ, ಎಂಟು ಚೌಕ. ತ್ರಿಜ್ಯವನ್ನು 60 ಸೆಂ.ಮೀ.ಗೆ ಏರಿಸಿದರೆ ಚೌಕ 70 ಆಗಿ, ಅಡ್ಡಕ್ಕೆ ಎರಡೂ ಹಿಡಿಸುವುದಿಲ್ಲ. ಜೋಡಿ ಹಳಿಯ ರೈಲು ಆ ಹಲಗೆಯಲ್ಲಿ ತಿರುಗಲಾರದು ಎಂಬುದು ಒಂದು ಗೆರೆ ಎಳೆಯುವ ಮೊದಲೇ ಗೊತ್ತಾಯಿತು. ಹಳೆಯ ಲಕೋಟೆಯ ಹಿಂಬದಿಯಲ್ಲಿ ಕೈಬರಹದ ಚೌಕಗಳನ್ನು ಹಾಕಿ, ಕೈವಾರವಿಲ್ಲದೆ ಬರೆದರೂ ನಕ್ಷೆ ಸುಳ್ಳಾಗುವುದಿಲ್ಲ.

ಚೌಕ ತಿರುವನ್ನು ಕಾಯುತ್ತದೆ. ಪಾಯಿಂಟನ್ನು ಕಾಯುವುದಿಲ್ಲ. ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗಕ್ಕೆ ನಮ್ಮ ರೈಲ್ವೆಯಲ್ಲಿ ಪಾಯಿಂಟ್ ಎನ್ನುವುದು ರೂಢಿ. ಬರೆಯುವಾಗ ಎಲ್ಲರೂ ಅದನ್ನು ಮರದ ಕೊಂಬೆಯಂತೆ ಥಟ್ಟನೆ ಕವಲೊಡೆಸುತ್ತಾರೆ. ನಿಜದಲ್ಲಿ ಅದು ಬಲು ನಿಧಾನದ ವ್ಯವಹಾರ. ಭಾರತೀಯ ರೈಲ್ವೆಯಲ್ಲಿ ಎಂಟೂವರೆಗೆ ಒಂದು, ಹನ್ನೆರಡಕ್ಕೆ ಒಂದು ಎನ್ನುವ ಪಾಯಿಂಟುಗಳಿವೆ: ಹನ್ನೆರಡು ಮೀಟರ್ ಮುಂದೆ ಹೋದಾಗ ಒಂದು ಮೀಟರ್ ಪಕ್ಕಕ್ಕೆ. ಮಾದರಿಯಲ್ಲಿ ಆರಕ್ಕೆ ಒಂದು ಎಂಬುದೇ ಧಾರಾಳ. ಹಾಗಾದರೂ 5 ಸೆಂ.ಮೀ. ಪಕ್ಕದ ಹಳಿಗೆ ಸರಿಯಲು 30 ಸೆಂ.ಮೀ. ಮುಂದೆ ಹೋಗಬೇಕು. ನನ್ನ ಐದು ಲೈನಿನ ಯಾರ್ಡಿನಲ್ಲಿ ಅಂಥ ನಾಲ್ಕು ಹೆಜ್ಜೆಗಳು, ಕವಲೊಡೆಯುವುದಕ್ಕೇ 1.2 ಮೀಟರ್, ಹಲಗೆಯ ಅರ್ಧ ಉದ್ದ. ರೈಲು ಎಲ್ಲಿ ನಿಲ್ಲುತ್ತೆ ಎಂದು ಮಗಳು ಕೇಳಿದ್ದು ಇದನ್ನೇ.

ಇನ್ನು ಡಬ್ಬಿಗಳು. ನಾವು ಬೋಗಿ ಎನ್ನುವುದು ಇಡೀ ಡಬ್ಬಿಗೆ. ರೈಲ್ವೆಯವರಿಗೆ ಬೋಗಿ ಎಂದರೆ ಡಬ್ಬಿಯ ಕೆಳಗೆ ತಿರುಗುವ ನಾಲ್ಕು ಗಾಲಿಯ ಚೌಕಟ್ಟು. ಇಲ್ಲಿ ಎರಡನೆಯ ಅರ್ಥವನ್ನೇ ಹಿಡಿಯೋಣ. ಪೆರಂಬೂರಿನ ಕಾರ್ಖಾನೆಯ ನೀಲಿ ಐಸಿಎಫ್ ಡಬ್ಬಿಯ ಮೈ 21.3 ಮೀಟರ್ ಉದ್ದ. ಬೋಗಿಯಿಂದ ಬೋಗಿಗೆ 14.8 ಮೀಟರ್. ಎಚ್‌ಒದಲ್ಲಿ 245 ಮತ್ತು 170 ಮಿ.ಮೀ. ಹಳಿಯನ್ನು ಹಿಡಿದುಕೊಂಡಿರುವುದು ಬೋಗಿಗಳು ಮಾತ್ರ. ಡಬ್ಬಿ ಒಂದು ನೇರ ಮರದ ತುಂಡು. ತಿರುವಿನಲ್ಲಿ ಅದರ ನಡು ಒಳಕ್ಕೆ ಸರಿಯುತ್ತದೆ, ಎರಡು ತುದಿಗಳು ಹೊರಕ್ಕೆ ಚಾಚುತ್ತವೆ. ಎಷ್ಟು ಎಂಬುದಕ್ಕೆ ಹೈಸ್ಕೂಲ್ ರೇಖಾಗಣಿತ ಸಾಕು: ಬೋಗಿಗಳ ಅಂತರದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ನಡು ಸರಿದದ್ದು ಸಿಗುತ್ತದೆ, ಡಬ್ಬಿಯುದ್ದದ ವರ್ಗದಲ್ಲಿ ಬೋಗಿಗಳ ಅಂತರದ ವರ್ಗವನ್ನು ಕಳೆದು ಅದೇ ಎಂಟರಷ್ಟರಿಂದ ಭಾಗಿಸಿದರೆ ತುದಿ ಚಾಚಿದ್ದು. 60 ಸೆಂ.ಮೀ. ತ್ರಿಜ್ಯದಲ್ಲಿ ನಡು 6 ಮಿ.ಮೀ. ಒಳಕ್ಕೆ, ತುದಿ 6.5 ಮಿ.ಮೀ. ಹೊರಕ್ಕೆ. ಪಕ್ಕದ ಹಳಿಯ ರೈಲಿಗೆ ಡಿಕ್ಕಿ ಆಗದಿರಲು ತಿರುವಿನಲ್ಲಿ ಹಳಿಗಳನ್ನು ಇನ್ನಷ್ಟು ದೂರ ಇಡುವುದು ಇದಕ್ಕೇ.

ಒಂದೇ ತಿರುವಿನಲ್ಲಿರುವ ಎರಡು ಡಬ್ಬಿಗಳ ತುದಿ ಒಟ್ಟಿಗೇ ಚಾಚುವುದರಿಂದ ಕೊಂಡಿಗೆ ತೊಂದರೆಯಿಲ್ಲ. ಎಡಕ್ಕೆ ತಿರುಗಿದ ಹಳಿ ತಕ್ಷಣ ಬಲಕ್ಕೆ ತಿರುಗಿದರೆ ಮಾತ್ರ ಅನಾಹುತ. ಮುಂದಿನ ಡಬ್ಬಿಯ ತುದಿ ಒಂದು ಕಡೆಗೆ, ಹಿಂದಿನದರ ತುದಿ ಇನ್ನೊಂದು ಕಡೆಗೆ. 60 ಸೆಂ.ಮೀ. ತ್ರಿಜ್ಯದಲ್ಲೇ ಎರಡು ತುದಿಗಳ ನಡುವೆ 13 ಮಿ.ಮೀ. ತಪ್ಪು, 45 ಸೆಂ.ಮೀ.ನಲ್ಲಿ 17 ಮಿ.ಮೀ., ಅಂದರೆ ಹಳಿಯ ಅಗಲಕ್ಕಿಂತಲೂ ಹೆಚ್ಚು. ಕೊಂಡಿ ಎರಡು ಡಬ್ಬಿಗಳನ್ನೂ ಅಡ್ಡಕ್ಕೆ ಎಳೆಯುತ್ತದೆ, ಹಗುರವಾದದ್ದು ಹಳಿ ಬಿಟ್ಟು ಇಳಿಯುತ್ತದೆ. ಎರಡು ತಿರುವುಗಳ ನಡುವೆ ಒಂದು ಡಬ್ಬಿಯುದ್ದ ನೇರ ಹಳಿ ಹಾಕಿ ಎನ್ನುವುದು ಹಳಬರ ಬುದ್ಧಿಮಾತು. ಈ ಹಾವಿನ ನಡೆ ನಕ್ಷೆಯಲ್ಲಿ ಬಲು ಚೆಂದ ಕಾಣುತ್ತದೆ, ಪಾಯಿಂಟುಗಳ ಸಾಲಿನಲ್ಲಿ ಕದ್ದು ಕೂತಿರುತ್ತದೆ. ಬ್ರಿಟನ್ನಿನ ಸಿರಿಲ್ ಫ್ರೀಜರ್ 1957ರಲ್ಲಿ ಪ್ರಕಟಿಸಿದ ‘ಮಿನರೀಸ್’ ಎಂಬ ಪುಟ್ಟ ನಿಲ್ದಾಣದ ನಕ್ಷೆಯನ್ನು ಇಂದಿಗೂ ಜನ ಕಟ್ಟುತ್ತಿರುವುದು ಪಾಯಿಂಟುಗಳನ್ನು ಜಾಣತನದಿಂದ ಎಡ-ಬಲ ಜೋಡಿಸಿ ಈ ಹಾವನ್ನು ಅವರು ಆದಷ್ಟು ಪಳಗಿಸಿದ್ದಕ್ಕೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಈಗ ಬಂತು. ಅದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಹಲಗೆಗೆ ಕಾಲು ಹಾಕಲು ಬಂದಿದ್ದ ಬಡಗಿ.

ಹಲಗೆಯ ಮೇಲೆ ನಾನು ಮೊಳೆ, ದಾರ, ಪೆನ್ಸಿಲ್ ಇಟ್ಟುಕೊಂಡು ವೃತ್ತ ಎಳೆದು, ಅದಕ್ಕೆ ನೇರ ಗೆರೆಯನ್ನು ಸ್ಪರ್ಶಕವಾಗಿ ಸೇರಿಸುತ್ತಿದ್ದೆ. ಅವರು ಸ್ವಲ್ಪ ಹೊತ್ತು ನೋಡಿದರು. “ಸಾರ್, ಇದು ಮುರಿದಂಗೆ ಕಾಣ್ತದಲ್ಲ,” ಎಂದರು.

“ಗೆರೆ ಸರಿಯಾಗಿ ಕೂಡಿದೆಯಲ್ಲ ಆಚಾರ್ರೇ.”

“ಕೂಡಿದೆ. ಆದರೂ ಮುರಿದಿದೆ. ಪಟ್ಟಿ ಇಟ್ಟು ನೋಡಿ, ಅದು ಹೆಂಗೆ ಬರ್ತದೋ ಹಂಗೆ ಬಿಡಿ.” ಚೀಲದಿಂದ ಒಂದು ತೆಳುವಾದ ಬೀಡಿಂಗ್ ಪಟ್ಟಿ ತೆಗೆದರು. ಪಟ್ಟಿಯ ಒಂದು ಭಾಗ ನೇರ ಗೆರೆಗೆ ಒತ್ತಿಕೊಂಡಿರುವಂತೆ, ಇನ್ನೊಂದು ಭಾಗ ವೃತ್ತಕ್ಕೆ ಒತ್ತಿಕೊಂಡಿರುವಂತೆ ಸಣ್ಣ ಮೊಳೆಗಳನ್ನು ಹೊಡೆದು, ನಡುವೆ ಒಂದು ಮೊಳದಷ್ಟನ್ನು ಯಾವ ಆಸರೆಯೂ ಇಲ್ಲದೆ ಬಿಟ್ಟುಬಿಟ್ಟರು. ವೃತ್ತವನ್ನು ಮಾತ್ರ ಬೆರಳಗಲ ಒಳಕ್ಕೆ ಸರಿಸಿ ಮತ್ತೆ ಎಳೆಯಬೇಕಾಯಿತು. ಪಟ್ಟಿಗೆ ಆತು ಪೆನ್ಸಿಲ್ ಎಳೆದಾಗ ಬಂದ ಗೆರೆ ಎಲ್ಲಿ ಬಾಗಲು ಶುರುಮಾಡಿತು ಎಂದು ಕಣ್ಣಿಗೆ ಹಿಡಿಯಲಾಗಲಿಲ್ಲ.

ರೈಲ್ವೆ ಎಂಜಿನಿಯರರು ಇದನ್ನು ಟ್ರಾನ್ಸಿಷನ್ ಕರ್ವ್ ಎನ್ನುತ್ತಾರೆ. ನೇರ ಹಳಿಯ ವಕ್ರತೆ ಸೊನ್ನೆ; ವೃತ್ತದ್ದು ಒಂದು ನಿಗದಿತ ಮೊತ್ತ. ಇವೆರಡನ್ನು ಸುಮ್ಮನೆ ಜೋಡಿಸಿದರೆ ವಕ್ರತೆ ಒಂದೇ ಬಿಂದುವಿನಲ್ಲಿ ಸೊನ್ನೆಯಿಂದ ಪೂರ್ತಿಗೆ ಜಿಗಿಯುತ್ತದೆ. ಗೆರೆ ಕೂಡಿದ್ದರೂ ಬಡಗಿಯ ಕಣ್ಣಿಗೆ ಮುರಿದಂತೆ ಕಂಡದ್ದು ಈ ಜಿಗಿತ. ನೂರು ಕಿ.ಮೀ. ವೇಗದ ನಿಜವಾದ ರೈಲಿನಲ್ಲಿ ಅಂಥ ಜಾಗದಲ್ಲಿ ಮೇಲಿನ ಬರ್ತಿನವರು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತಾರೆ. ಅದಕ್ಕಾಗಿ ಹಳಿಯ ವಕ್ರತೆಯನ್ನು ಉದ್ದಕ್ಕೆ ತಕ್ಕ ಹಾಗೆ ಸಮನಾಗಿ ಏರಿಸುತ್ತಾ ಹೋಗುತ್ತಾರೆ: ಹತ್ತು ಮೀಟರಿಗೆ ಇಷ್ಟು, ಇಪ್ಪತ್ತಕ್ಕೆ ಅದರ ಎರಡರಷ್ಟು. ಮಾದರಿಯಲ್ಲಿ ವೇಗದ ಪ್ರಶ್ನೆಯೇ ಇಲ್ಲ, ತಳ್ಳಿಸಿಕೊಳ್ಳಲು ಪ್ರಯಾಣಿಕರೂ ಇಲ್ಲ. ಅಲ್ಲಿನ ತೊಂದರೆ ಕೊಂಡಿಯದು. ಆ 6.5 ಮಿ.ಮೀ. ಚಾಚುವಿಕೆ ಒಮ್ಮೆಗೇ ಬರುವುದರ ಬದಲು ಮೆಲ್ಲನೆ ಬರಲಿ ಎಂಬುದಷ್ಟೇ ಬೇಡಿಕೆ. ಕಾರಣ ಬೇರೆ ಬೇರೆ, ಔಷಧಿ ಒಂದೇ.

ಆದರೆ ಪಟ್ಟಿಗೆ ಈ ಲೆಕ್ಕ ಯಾರು ಹೇಳಿಕೊಟ್ಟರು? ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ತುದಿಯನ್ನು ಬೆರಳಿನಿಂದ ತಳ್ಳಿ ನೋಡಿ. ಬೆರಳಿನ ಹತ್ತಿರ ಸ್ಕೇಲು ಬಹುತೇಕ ನೇರವಾಗಿಯೇ ಇರುತ್ತದೆ. ಮೇಜಿನ ಅಂಚಿನಲ್ಲಿ ಅತಿ ಹೆಚ್ಚು ಬಾಗಿರುತ್ತದೆ. ಬೆರಳಿನಿಂದ ದೂರ ಹೋದಷ್ಟೂ ಅದರ ಸನ್ನೆಯ ಬಲ, ಅಂದರೆ ಬಲವನ್ನು ದೂರದಿಂದ ಗುಣಿಸಿದ ಮೊತ್ತ, ಸಮನಾಗಿ ಏರುತ್ತದೆ. ಪಟ್ಟಿ ಯಾವ ಜಾಗದಲ್ಲಿ ಎಷ್ಟು ಬಾಗುತ್ತದೆ ಎಂಬುದು ಆ ಜಾಗದ ಸನ್ನೆಯ ಬಲಕ್ಕೆ ಅನುಪಾತದಲ್ಲಿರುತ್ತದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಯಾಕೋಬ್ ಬರ್ನೂಲಿ ಹಿಡಿದ ಎಳೆ ಇದು. 1744ರಲ್ಲಿ ಲಿಯೊನಾರ್ಡ್ ಆಯ್ಲರ್ ಬಾಗಿದ ಪಟ್ಟಿಯ ಆಕಾರಗಳನ್ನೆಲ್ಲ ವರ್ಗೀಕರಿಸಿ ಮುಗಿಸಿದರು. ಮೊಳೆಗಳ ನಡುವೆ ಆಸರೆಯಿಲ್ಲದೆ ಬಿಟ್ಟ ಪಟ್ಟಿಯ ಮೇಲೆ ಪಕ್ಕದಿಂದ ಯಾವ ಬಲವೂ ಬೀಳುವುದಿಲ್ಲ, ಆದ್ದರಿಂದ ಸನ್ನೆಯ ಬಲ ಒಂದು ತುದಿಯಿಂದ ಇನ್ನೊಂದಕ್ಕೆ ಸಮನಾಗಿ ಏರಲೇಬೇಕು. ವಕ್ರತೆಯೂ ಹಾಗೇ ಏರುತ್ತದೆ. ರೈಲಿಗೆ ಬೇಕಾದ್ದು ಅದೇ! ಸಣ್ಣ ಬಾಗಿಗೆ ಈ ಲೆಕ್ಕ ಸಾಕಷ್ಟು ಕರಾರುವಾಕ್ಕು.

ಬೆರಳಗಲ ಒಳಕ್ಕೆ ಎಂದ ಅಂದಾಜಿಗೂ ಸೂತ್ರವಿದೆ. ಟ್ರಾನ್ಸಿಷನ್ನಿನ ಉದ್ದದ ವರ್ಗವನ್ನು ತ್ರಿಜ್ಯದ 24 ಪಟ್ಟಿನಿಂದ ಭಾಗಿಸಿ. 60 ಸೆಂ.ಮೀ. ತ್ರಿಜ್ಯ, 40 ಸೆಂ.ಮೀ. ಉದ್ದ ಎಂದರೆ 11 ಮಿ.ಮೀ. ಅಷ್ಟು ಸರಿಸಿ, ಹಳೆಯ ಸ್ಪರ್ಶಬಿಂದುವಿನ ಆಚೆ 20 ಸೆಂ.ಮೀ., ಈಚೆ 20 ಸೆಂ.ಮೀ. ಪಟ್ಟಿಯನ್ನು ಬಿಟ್ಟರೆ ಆಯಿತು. ಸಣ್ಣ ನಕ್ಷೆಗೆ ತೆಂಗಿನ ಗರಿಯ ಪೊರಕೆ ಕಡ್ಡಿಯನ್ನು ಬಳಸಿ ನೋಡಿದೆ, ಕೈಕೊಟ್ಟಿತು. ಕಡ್ಡಿ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಪೂರ. ಸಪೂರದ ಕಡೆ ಜಾಸ್ತಿ ಬಾಗಿ ಲೆಕ್ಕ ಕೆಡಿಸುತ್ತದೆ. ಪಟ್ಟಿ ಉದ್ದಕ್ಕೂ ಒಂದೇ ದಪ್ಪವಿರಬೇಕು, ಗಂಟಿರಬಾರದು.

ಘಾಟಿಯ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿ ನನಗೆ ಒಳ್ಳೆಯ ನೆನಪುಗಳಿಲ್ಲ. 1891ರ ಲೈಪ್‌ಜಿಗ್ ಮೇಳದಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಇಂಗ್ಲಿಷ್ ಎಂಟರ ಆಕಾರದ ಹಳಿಯ ಮೇಲೆ ತೋರಿಸಿತ್ತು. ಆ ಎಂಟರಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಸೇತುವೆಯಾಗಿ ದಾಟಲಿ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಎಚ್‌ಒದಲ್ಲಿ ಕೆಳಗಿನ ರೈಲು ನುಸುಳಲು ಮೇಲಿನ ಹಳಿ ಸುಮಾರು 75 ಮಿ.ಮೀ. ಎತ್ತರದಲ್ಲಿರಬೇಕು. ನನ್ನ ಹಲಗೆಯಲ್ಲಿ 45 ಸೆಂ.ಮೀ. ತ್ರಿಜ್ಯದ ಎಂಟಕ್ಕೆ ಒಟ್ಟು 6.2 ಮೀಟರ್ ಹಳಿ ಹಿಡಿಯುತ್ತದೆ. ಏರಲು ಅರ್ಧ, ಇಳಿಯಲು ಅರ್ಧ. ದಾಟುವಲ್ಲಿ ಸ್ವಲ್ಪ ಸಮತಟ್ಟು ಬಿಟ್ಟರೆ ಏರು 36ಕ್ಕೆ 1 ಆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 57 ಸುರಂಗ ನುಸುಳಿ ಇಳಿಯುವ ಹಳಿಯ ಇಳಿಜಾರು 50ಕ್ಕೆ 1. ಕ್ಯಾಸಲ್‌ರಾಕ್‌ನಿಂದ ಗೋವೆಯ ಕಡೆಗಿನ ಬ್ರಗಾಂಝಾ ಘಾಟಿಯದು 37ಕ್ಕೆ 1. ಅಲ್ಲಿ ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳುವ ಎಂಜಿನ್‌ಗಳು ಬೇಕು. ಒಂದು ಪ್ಲೈವುಡ್ ತುಂಡಿನ ಮೇಲೆ ಗೊತ್ತಿಲ್ಲದೆಯೇ ಬ್ರಗಾಂಝಾವನ್ನು ಮೀರಿಸಿದ್ದೆ, ಎಂಜಿನ್ ನಾಲ್ಕು ಡಬ್ಬಿ ಎಳೆದು ನಿಂತಲ್ಲೇ ಗಾಲಿ ತಿರುಗಿಸಿತು.

ಕೊನೆಯ ಉಪಾಯಕ್ಕೆ ಬೇಕಾದ್ದು ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್, ಹಿಂದೆ ಮೇಷ್ಟರ ಜೇಬಿನಲ್ಲಿ ಇರುತ್ತಿತ್ತಲ್ಲ, ಅದು. ಎರಡು ಕಂಬಿಗಳಲ್ಲಿ ವಿದ್ಯುತ್ ಹರಿಸಿ ಓಡಿಸುವ ರೈಲಿನಲ್ಲಿ ಒಂದು ಕಂಬಿ ಧನ, ಇನ್ನೊಂದು ಋಣ. ನಕ್ಷೆಯಲ್ಲಿ ಹಳಿಯನ್ನು ಒಂದೇ ಗೆರೆಯಾಗಿ ಎಳೆಯದೆ, ಒಂದು ಕಂಬಿಯನ್ನು ಕೆಂಪು, ಇನ್ನೊಂದನ್ನು ನೀಲಿಯಾಗಿ ಎಳೆಯುತ್ತಾ ಹೋಗಿ. ಅಂಡಾಕಾರದ ಸುತ್ತಿನಲ್ಲಿ ಕೆಂಪು ಕೆಂಪಿಗೇ ಸೇರುತ್ತದೆ. ಎಂಟರಲ್ಲೂ ಹಾಗೆಯೇ. ಆದರೆ ರೈಲು ಒಂದು ಪಾಯಿಂಟಿನಿಂದ ಹೊರಟು, ಬಳಸಿ ಬಂದು, ಅದೇ ಪಾಯಿಂಟಿನ ಇನ್ನೊಂದು ಕವಲಿನಿಂದ ಒಳಬಂದು ಬಂದ ದಾರಿಗೇ ಮುಖ ತಿರುಗಿಸುವ ಕುಣಿಕೆಯನ್ನು ಬರೆದು ನೋಡಿ. ಕೆಂಪು ಹೋಗಿ ನೀಲಿಗೆ ತಾಗುತ್ತದೆ. ಅಸಲಿ ಹಳಿಯಲ್ಲಾದರೆ ಅಲ್ಲಿ ಶಾರ್ಟ್ ಸರ್ಕ್ಯೂಟು. ನನ್ನ ತ್ರಿಕೋನಕ್ಕೂ ಅದೇ ಕಾಯಿಲೆ. ಆ ತುಂಡನ್ನು ಎರಡೂ ತುದಿಯಲ್ಲಿ ಕತ್ತರಿಸಿ, ಬೇರೆಯೇ ಸ್ವಿಚ್ಚು ಕೊಟ್ಟು, ರೈಲು ಒಳಗಿರುವಾಗ ಧನ-ಋಣ ಅದಲುಬದಲು ಮಾಡಬೇಕಾಗುತ್ತದೆ.

ಬಣ್ಣದ ಬದಲು ಬಾಣ ಹಾಕಿಯೂ ಇದನ್ನು ಹಿಡಿಯಬಹುದು. ಪ್ರತಿ ಹಳಿಗೂ ಒಂದು ದಿಕ್ಕಿನ ಬಾಣ; ಪ್ರತಿ ಪಾಯಿಂಟಿನಲ್ಲಿ ಬಾಣಗಳು ಒಂದರಿಂದ ಎರಡಕ್ಕೆ ಹರಿಯಬೇಕು, ಇಲ್ಲವೇ ಎರಡರಿಂದ ಒಂದಕ್ಕೆ. ಇಡೀ ನಕ್ಷೆಗೆ ಜಗಳವಿಲ್ಲದೆ ಬಾಣ ಹಾಕಲಾಗದಿದ್ದರೆ ಎಲ್ಲೋ ಕುಣಿಕೆಯಿದೆ. 1982ರ ಫೀಲ್ಡ್ಸ್ ಪದಕ ಪಡೆದ ಗಣಿತಜ್ಞ ವಿಲಿಯಂ ಥರ್ಸ್ಟನ್, ವಕ್ರ ಮೇಲ್ಮೈಗಳ ಮೇಲೆ ಸುತ್ತುವ ಗೆರೆಗಳನ್ನು ಅರಿಯಲು ಕವಲೊಡೆಯುವ ನಯವಾದ ಜಾಲಗಳನ್ನು ಬಳಸಿದರು. ಅವುಗಳಿಗೆ ಗಣಿತದಲ್ಲಿ ಇರುವ ಅಧಿಕೃತ ಹೆಸರು ‘ಟ್ರೈನ್ ಟ್ರ್ಯಾಕ್’. ಬಾಣ ಹಾಕಬಹುದಾದವು, ಹಾಕಲಾಗದವು ಎಂಬ ಭೇದ ಅಲ್ಲೂ ಇದೆ.

ಇಷ್ಟೆಲ್ಲ ಆದಮೇಲೆ ನಾನು ಎಂಟು-ನಾಲ್ಕರ ಹಲಗೆಯನ್ನು ಗೋಡೆಗೆ ಒರಗಿಸಿಟ್ಟು, ಆರಡಿ ಉದ್ದದ ಒಂದು ಸಪೂರ ಶೆಲ್ಫಿಗೆ ಇಳಿದೆ. ಅದಕ್ಕೆ ಆರಿಸಿಕೊಂಡದ್ದು ಬ್ರಿಟನ್ನಿನ ‘ಇಂಗಲ್‌ನುಕ್’ ಎಂಬ ನಕ್ಷೆ. ಎರಡೇ ಪಾಯಿಂಟು, ಮೂರು ಸೈಡಿಂಗು: ಒಂದರಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ಹಿಡಿಸಬೇಕು. ಎಂಜಿನ್ನಿನ ಕಡೆಯ ತುಂಡು ಹಳಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್. ಇರುವ ಎಂಟು ವ್ಯಾಗನ್‌ಗಳಲ್ಲಿ ಚೀಟಿ ಎತ್ತಿ ಬಂದ ಐದನ್ನು, ಬಂದ ಕ್ರಮದಲ್ಲೇ, ಒಂದು ರೈಲಾಗಿ ಜೋಡಿಸುವುದು ಆಟ. ಎಂಟು, ಏಳು, ಆರು, ಐದು, ನಾಲ್ಕು ಗುಣಿಸಿ: 6720 ಬೇರೆ ಬೇರೆ ರೈಲು. ದಿನಕ್ಕೊಂದು ಆಡಿದರೂ ಹದಿನೆಂಟು ವರ್ಷ.

ಹಳಿ ಕೊಳ್ಳುವ ಮೊದಲು ಕಾಗದದ ಮೇಲೆಯೇ ಆಡೋಣ ಎಂದು ಮಗಳೂ ನಾನೂ ಗ್ರಾಫ್ ಹಾಳೆಯಿಂದ 12 ಮಿ.ಮೀ.ನ ಎಂಟು ವ್ಯಾಗನ್ ಕತ್ತರಿಸಿ, ನಂಬರು ಬರೆದು, ಸುರುಳಿ ಮಾಡಿದ ಚೀಟಿಗಳನ್ನು ಸ್ಟೀಲ್ ಲೋಟಕ್ಕೆ ಹಾಕಿದೆವು. 7, 2, 8, 1, 4 ಬಂತು. ಬೆರಳಿನಲ್ಲಿ ತಳ್ಳುತ್ತಾ, ಬಿಚ್ಚುತ್ತಾ, ಜೋಡಿಸುತ್ತಾ ನಾಲ್ಕನೆಯ ವ್ಯಾಗನ್ ತನಕ ಬಂದೆವು. ಆಮೇಲೆ ಎಂಜಿನ್ ಮೂರು ವ್ಯಾಗನ್ ಎಳೆದುಕೊಂಡು ಹಿಂದೆ ಹೋದಾಗ ಕೊನೆಯದು ಪಾಯಿಂಟಿನ ಮೇಲೆಯೇ ಉಳಿಯಿತು.

“ಜಾಗ ಸಾಲಲ್ಲ ಅಪ್ಪ.”

ಸ್ಕೇಲ್ ಇಟ್ಟು ಅಳೆದೆ. ಎಂಜಿನ್‌ಗೆ 20 ಮಿ.ಮೀ., ವ್ಯಾಗನ್‌ಗಳಿಗೆ 36, ಬೇಕಾದ್ದು 56. ನಾನು ಎಳೆದಿದ್ದು 52. ಮಗಳು ಏನೂ ಹೇಳದೆ ರಬ್ಬರನ್ನು ನನ್ನ ಕಡೆ ತಳ್ಳಿದಳು.